ಅಮೆರಿಕದಿಂದ ಫಂಡಿಂಗ್ ಆಫರ್ ಬಂದಿದೆಯೇ? ಏಪ್ರಿಲ್ 15ರವರೆಗೆ ಸಮಯ ನಿಮ್ಮದು

ಪಿಎಚ್.ಡಿ. ಅಥವಾ ಎಂ.ಎಸ್.ಗೆಂದು ಅಮೆರಿಕಕ್ಕೆ ಅರ್ಜಿ ಹಾಕಿದವರಿಗೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆಫರ್ ಲೆಟರ್‌ಗಳು ಬರತೊಡಗುತ್ತವೆ. ಕೆಲವದರಲ್ಲಿ ‘ಒಂದು ವಾರದೊಳಗೆ ಒಪ್ಪಿಗೆ ತಿಳಿಸಿ, ಇಲ್ಲದಿದ್ದರೆ ಅಸಿಸ್ಟೆಂಟ್‌ಶಿಪ್ ಬೇರೆಯವರಿಗೆ ಹೋಗುತ್ತದೆ’ ಎಂದಿರುತ್ತದೆ. ಅಸಿಸ್ಟೆಂಟ್‌ಶಿಪ್ ಎಂದರೆ ವಿಭಾಗದಲ್ಲಿ ಪಾಠಕ್ಕೋ ಸಂಶೋಧನೆಗೋ ನೆರವಾಗುವ ಕೆಲಸ, ಅದಕ್ಕೆ ಸಿಗುವ ಹಣ. ಗಾಬರಿಬಿದ್ದು ಹೂಂ ಅನ್ನಬೇಡಿ.

ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ನಿರ್ಣಯವೊಂದಿದೆ. ಎಲ್ಲರ ಬಾಯಲ್ಲೂ ಅದು ‘ಏಪ್ರಿಲ್ 15ರ ನಿರ್ಣಯ’. ಇದಕ್ಕೆ ಒಪ್ಪಿದ ವಿಶ್ವವಿದ್ಯಾಲಯಗಳು ಕೊಡುವ ಹಣದ ಆಫರ್‌ಗೆ ಆ ದಿನಕ್ಕಿಂತ ಮೊದಲೇ ಉತ್ತರಿಸಬೇಕಾದ ಬಾಧ್ಯತೆ ವಿದ್ಯಾರ್ಥಿಗಿಲ್ಲ. ಮೊದಲೇ ಒಪ್ಪಿದ್ದರೂ ಏಪ್ರಿಲ್ 15ರವರೆಗೆ ಬರವಣಿಗೆಯಲ್ಲಿ ತಿಳಿಸಿ ಹಿಂದೆ ಸರಿಯಬಹುದು. ಈ ಎರಡನೆಯ ಹಕ್ಕು ಅನೇಕರಿಗೆ ಗೊತ್ತೇ ಇರುವುದಿಲ್ಲ. ಒಮ್ಮೆ ಸಹಿ ಹಾಕಿದರೆ ಮುಗಿಯಿತು ಎಂದುಕೊಂಡು, ಆಮೇಲೆ ಬಂದ ಒಳ್ಳೆಯ ಆಫರನ್ನು ಬಿಟ್ಟುಕೊಡುತ್ತಾರೆ.

ಇದು ಕಾನೂನಲ್ಲ, ವಿಶ್ವವಿದ್ಯಾಲಯಗಳು ತಾವಾಗಿ ಮಾಡಿಕೊಂಡ ಒಪ್ಪಂದ. ಹಾಗಾಗಿ ಮೊದಲ ಕೆಲಸ, ಕೌನ್ಸಿಲ್‌ನ ವೆಬ್‌ಸೈಟಿನಲ್ಲಿರುವ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯ ಇದೆಯೇ ಎಂದು ನೋಡುವುದು. ಇನ್ನೊಂದು ಮಿತಿ ಇದಕ್ಕಿಂತ ಮುಖ್ಯ: ನಿರ್ಣಯ ಅನ್ವಯಿಸುವುದು ಫೆಲೋಶಿಪ್, ಅಸಿಸ್ಟೆಂಟ್‌ಶಿಪ್, ಸ್ಕಾಲರ್‌ಶಿಪ್‌ನಂಥ ನೆರವಿಗೆ ಮಾತ್ರ. ಹಣವಿಲ್ಲದ ಬರೀ ಅಡ್ಮಿಶನ್‌ಗೆ ಅನ್ವಯಿಸುವುದಿಲ್ಲ. ಸ್ವಂತ ಖರ್ಚಿನಲ್ಲಿ ಎಂ.ಎಸ್. ಮಾಡುವವರು ಎಡವುವುದು ಇಲ್ಲೇ. ಅವರಿಗೆ ಪತ್ರದಲ್ಲಿರುವ ತಾರೀಖೇ ಕೊನೆ, ಕಟ್ಟಿದ ಡಿಪಾಸಿಟ್ ಎಷ್ಟೋ ಕಡೆ ವಾಪಸ್ ಬರುವುದಿಲ್ಲ.

ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯವೇ ಮಾರ್ಚ್‌ನ ಗಡುವು ಹಾಕಿದ್ದರೆ, ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಚಿಕ್ಕದೊಂದು ಇಮೇಲ್ ಬರೆಯಿರಿ. ಆಫರ್‌ಗೆ ಧನ್ಯವಾದ ಹೇಳಿ. ನಿಮ್ಮ ವಿಶ್ವವಿದ್ಯಾಲಯ ಈ ನಿರ್ಣಯಕ್ಕೆ ಒಪ್ಪಿದೆ ಎಂದು ತಿಳಿದಿದ್ದೇನೆ, ಏಪ್ರಿಲ್ 15ರೊಳಗೆ ಉತ್ತರ ಕೊಡಬಹುದೇ ಎಂದು ಕೇಳಿ. ನಾಲ್ಕು ಸಾಲು ಸಾಕು, ದೂರಿನ ದನಿ ಬೇಡ. ಸಾಮಾನ್ಯವಾಗಿ ಇಷ್ಟಕ್ಕೇ ದಾರಿಯಾಗುತ್ತದೆ, ಏಕೆಂದರೆ ಗಡುವು ಹಾಕಿದ ವಿಭಾಗದವರಿಗೇ ನಿರ್ಣಯದ ನೆನಪು ಇಲ್ಲದಿರಬಹುದು. ಒಪ್ಪದಿದ್ದರೆ ಅದೇ ವಿಶ್ವವಿದ್ಯಾಲಯದ ಗ್ರಾಜುಯೇಟ್ ಸ್ಕೂಲ್ ಡೀನ್ ಕಚೇರಿಗೆ ಆಫರ್ ಲೆಟರ್ ಲಗತ್ತಿಸಿ ಬರೆಯಿರಿ. ಫೋನಿನಲ್ಲಿ ಏನೇ ಮಾತಾದರೂ ಕೊನೆಗೆ ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಪ್ರೊಫೆಸರ್ ‘ಫಂಡಿಂಗ್ ಸಿಗಬಹುದು’ ಎಂದು ಬರೆದದ್ದು ಆಫರ್ ಅಲ್ಲ. ಮೊತ್ತ, ಅವಧಿ, ಷರತ್ತು ಇರುವ ಅಧಿಕೃತ ಪತ್ರ ಕೈಗೆ ಬರಬೇಕು.

ಸಿಕ್ಕ ಸಮಯದಲ್ಲಿ ಪತ್ರವನ್ನು ಸಾಲು ಸಾಲಾಗಿ ಓದಿ. ಸ್ಟೈಪೆಂಡ್ 9 ತಿಂಗಳಿಗೋ 12 ತಿಂಗಳಿಗೋ? ತಿಂಗಳಿಗೆ 2,200 ಡಾಲರ್, 9 ತಿಂಗಳು ಎಂದಿಟ್ಟುಕೊಳ್ಳಿ: ವರ್ಷಕ್ಕೆ 19,800. ಟ್ಯೂಷನ್ ಮನ್ನಾ ಆದರೂ ವಿದ್ಯಾರ್ಥಿ ಶುಲ್ಕಗಳು ಉಳಿದುಬಿಡಬಹುದು. ಸೆಮಿಸ್ಟರ್‌ಗೆ 700ರಂತೆ 1,400 ಹೋಯಿತು. ಆರೋಗ್ಯ ವಿಮೆ ನಿಮ್ಮ ತಲೆಗೇ ಬಂದರೆ ಇನ್ನೊಂದು 2,800. ಉಳಿದ 15,600ನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಕೈಗೆ 1,300, ಅದೂ ತೆರಿಗೆಗೆ ಮುಂಚೆ. ಪಕ್ಕದ ಆಫರ್ ತಿಂಗಳಿಗೆ 1,900 ಎಂದಿದ್ದರೂ 12 ತಿಂಗಳು ಕೊಟ್ಟು ವಿಮೆಯನ್ನೂ ಭರಿಸಿದರೆ ಅದೇ ವಾಸಿ. ಫಂಡಿಂಗ್ ಎಷ್ಟು ವರ್ಷಕ್ಕೆ, ಮುಂದುವರಿಸಲು ಎಷ್ಟು ಜಿಪಿಎ (ಅಂಕಗಳ ಸರಾಸರಿ) ಬೇಕು, ವಾರಕ್ಕೆ ಎಷ್ಟು ಗಂಟೆ ಕೆಲಸ ಎಂಬುದನ್ನೂ ನೋಡಿ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸದ ಮಿತಿ ವಾರಕ್ಕೆ 20 ಗಂಟೆ. ಅಸಿಸ್ಟೆಂಟ್‌ಶಿಪ್ಪೇ ಅಷ್ಟನ್ನೂ ತುಂಬಿದರೆ ಬೇರೆ ಕ್ಯಾಂಪಸ್ ಕೆಲಸದಿಂದ ಸರಿದೂಗಿಸುತ್ತೇನೆ ಎನ್ನುವ ಲೆಕ್ಕ ನಡೆಯದು.

ಸಮಯ ನಿಮ್ಮದು ಎಂದು ಐದಾರು ಆಫರ್‌ಗಳನ್ನು ಕೊನೆಯ ದಿನದವರೆಗೆ ಹಿಡಿದಿಡುವುದು ಮಾತ್ರ ಸರಿಯಲ್ಲ. ಹೋಗುವುದಿಲ್ಲ ಎಂದು ನಿರ್ಧಾರವಾದ ದಿನವೇ ‘ಬೇಡ’ ಎಂದು ಬರೆಯಿರಿ. ವೇಯ್ಟ್‌ಲಿಸ್ಟ್‌ನಲ್ಲಿ ಕಾಯುತ್ತಿರುವ ಯಾರಿಗೋ ಆ ಹಣ ಬೇಕಿದೆ. ನೀವೇ ವೇಯ್ಟ್‌ಲಿಸ್ಟ್‌ನಲ್ಲಿದ್ದರೆ ಏಪ್ರಿಲ್ ಮೊದಲ ವಾರ ಒಮ್ಮೆ ವಿಚಾರಿಸಿ.

ಇನ್ನು ಗಡಿಯಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರ ರಾತ್ರಿ 11:59 ಎಂದರೆ ನಮಗೆ 16ರ ಬೆಳಿಗ್ಗೆ 9:29. ಕ್ಯಾಲಿಫೋರ್ನಿಯಾದ್ದಾದರೆ ಮಧ್ಯಾಹ್ನ 12:29. ಆದರೆ ಕೆಲವು ವಿಭಾಗಗಳು ಸಂಜೆ 5ಕ್ಕೇ ಮುಗಿಸುತ್ತವೆ, ಪತ್ರದಲ್ಲಿ ಗಂಟೆಯನ್ನೂ ನೋಡಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಕರ್ನಾಟಕದಲ್ಲಿ ಸರ್ಕಾರಿ ರಜೆ. ಬ್ಯಾಂಕ್ ಶಾಖೆಯಲ್ಲೋ ಕಾಲೇಜಿನ ಕಚೇರಿಯಲ್ಲೋ ಆಗಬೇಕಾದ ಕೆಲಸವಿದ್ದರೆ ಅದರ ಹಿಂದಿನ ವಾರವೇ ಮುಗಿಸಿ. ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದ ಮೇಲೆ ಬರುವ ದೃಢೀಕರಣ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

16ರ ನಂತರ ಇನ್ನೊಂದು ಕಡೆಯಿಂದ ಕರೆ ಬಂದರೆ? ಹಿಂದೆ ಸರಿಯುವ ಆ ರಕ್ಷಣೆ ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲು ಒಪ್ಪಿದ ವಿಭಾಗಕ್ಕೆ ಬರೆದು, ನಿಮ್ಮನ್ನು ಬಿಟ್ಟುಕೊಟ್ಟಿದ್ದೇವೆ ಎಂಬ ಲಿಖಿತ ಉತ್ತರ ಪಡೆಯಿರಿ. ಆ ಇಮೇಲ್ ಕೈಗೆ ಸಿಕ್ಕ ಮೇಲೆಯೇ ಹೊಸ ಕಡೆಗೆ ಒಪ್ಪಿಗೆ ಕಳಿಸಿ.