ಕ್ಯಾನ್ವಾಸ್ ಗೋಡೆ ಏರುವ ಮುನ್ನ

ಗ್ಯಾಲರಿ ಬುಕ್ ಆಯಿತು, ದಿನಾಂಕ ಸಿಕ್ಕಿತು. ಇನ್ನು ಮಾಡಬೇಕಾದದ್ದು ಹಿಂದಕ್ಕೆ ಎಣಿಸುವ ಲೆಕ್ಕ. ಪ್ರದರ್ಶನ ಜನವರಿ 10ಕ್ಕೆ ಎಂದುಕೊಳ್ಳಿ. ತೈಲವರ್ಣದ ಚಿತ್ರಗಳಿಗೆ ಮಾಮೂಲಿ ವಾರ್ನಿಷ್ ಹಚ್ಚುವುದಿದ್ದರೆ ಜುಲೈ ಮೊದಲ ವಾರಕ್ಕೇ ಕುಂಚ ಕೆಳಗಿಟ್ಟಿರಬೇಕು. ತೈಲವರ್ಣ ಒದ್ದೆ ಬಟ್ಟೆಯ ಹಾಗೆ ಆರುವುದಿಲ್ಲ. ಅದರಲ್ಲಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕೈಗೆ ಅಂಟುತ್ತಿಲ್ಲ ಎಂದ ಮಾತ್ರಕ್ಕೆ ಒಳಪದರ ಒಣಗಿದೆ ಎಂದಲ್ಲ. ಅದಕ್ಕೇ ಆರು ತಿಂಗಳಿಂದ ಒಂದು ವರ್ಷದ ಕಾಯುವಿಕೆ. ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ತಡ. ಕಪ್ಪನ್ನು ದಪ್ಪಗೆ ಬಳಿದು ಅದರ ಮೇಲೆ ಅಂಬರ್ ಎಳೆದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಕದಲುತ್ತಿರುವಾಗಲೇ ಬಿರುಕು ಬಿಡುತ್ತದೆ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೇರಿದಂತೆ ಹೆಚ್ಚು ಎನ್ನುವ ಹಳೆಯ ಕ್ರಮದ ಹಿಂದಿರುವುದೂ ಇದೇ ಕಾರಣ.

ಅಕ್ರಿಲಿಕ್‌ಗೆ ಇಷ್ಟು ಕಾಯಬೇಕಾಗಿಲ್ಲ. ಅದರ ತಾಪತ್ರಯ ಸಾಗಣೆಯಲ್ಲಿದೆ, ಮುಂದೆ ನೋಡೋಣ.

ಚೌಕಟ್ಟು ಮತ್ತು ಬಟ್ಟೆ

36×48 ಇಂಚಿನ ಚಿತ್ರಕ್ಕೆ ಬಟ್ಟೆ 41×53 ಇಂಚು ಇರಲಿ, ಅಂದರೆ ಸುತ್ತಲೂ ಎರಡೂವರೆ ಇಂಚು ಹೆಚ್ಚು. ಸ್ಟ್ರೆಚರ್ ಪಟ್ಟಿಯ, ಅಂದರೆ ಬಟ್ಟೆ ಬಿಗಿಯುವ ಮರದ ಚೌಕಟ್ಟಿನ ಪಟ್ಟಿಯ, ಮುಂಭಾಗ ಒಳಕ್ಕೆ ಇಳಿಜಾರಾಗಿರಬೇಕು. ಚಪ್ಪಟೆ ಪಟ್ಟಿಗೆ ಬಟ್ಟೆ ತಾಗಿದರೆ ಬಣ್ಣ ಹಚ್ಚುವಾಗ ಪಟ್ಟಿಯ ಅಂಚಿನ ಗೆರೆ ಮುಂದೆ ಮೂಡುತ್ತದೆ, ಆಮೇಲೆ ಹೋಗುವುದಿಲ್ಲ. ಮೂರಡಿ ದಾಟಿದರೆ ನಡುವೆ ಒಂದು ಅಡ್ಡಪಟ್ಟಿ ಕೊಡಿಸಿ, ಇಲ್ಲದಿದ್ದರೆ ಉದ್ದದ ಬದಿಗಳು ಒಳಕ್ಕೆ ಬಾಗುತ್ತವೆ. ಸ್ಟೇಪಲ್‌ಗಳನ್ನು ನಾಲ್ಕೂ ಬದಿಯ ನಡುವಿನಿಂದ ಶುರು ಮಾಡಿ, ಎದುರುಬದುರಾಗಿ ಎಳೆಯುತ್ತ ಮೂಲೆಗೆ ಹೋಗಬೇಕು. ಮೂಲೆಯಿಂದ ಶುರು ಮಾಡಿದರೆ ನೆರಿಗೆ ಖಂಡಿತ.

ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿಯುವ ತಳಲೇಪ ಜೆಸ್ಸೊ ಮೂರು ಕೋಟು, ಒಂದು ಅಡ್ಡ, ಒಂದು ಉದ್ದ, ಮತ್ತೆ ಅಡ್ಡ. ನಡುನಡುವೆ 220ರ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ. ಮೇಲೆ ತೈಲವರ್ಣ ಹಚ್ಚುವುದಾದರೆ ಮೂರು ದಿನ ಬಿಡಿ. ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ ಎಲ್ಲವನ್ನೂ ಹಿಂಬದಿಯ ಮರದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಬಟ್ಟೆಯ ಬೆನ್ನಿಗೆ ಮಾರ್ಕರ್‌ನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿದುಬರಬಹುದು. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ.

ಫೋಟೊ ತೆಗೆಸುವುದು ವಾರ್ನಿಷ್‌ಗೂ ಗಾಜಿನ ಚೌಕಟ್ಟಿಗೂ ಮೊದಲು. ಎರಡು ದೀಪ, ಎರಡೂ 45 ಡಿಗ್ರಿ ಕೋನದಲ್ಲಿ, ಕ್ಯಾಮೆರಾ ಚಿತ್ರದ ನಡುಭಾಗಕ್ಕೆ ನೇರವಾಗಿ.

ಬೆಲೆ ಮತ್ತು ಕಾಗದಪತ್ರ

ಚದರ ಇಂಚಿಗೆ ಇಷ್ಟು ಎಂದು ಬೆಲೆ ಕಟ್ಟುವವರು ಹೆಚ್ಚು. ಅದರಲ್ಲಿ ಒಂದು ತೊಡಕಿದೆ. ಇಂಚಿಗೆ 20 ರೂಪಾಯಿ ಹಿಡಿದರೆ 12×12ರ ಪುಟ್ಟ ಚಿತ್ರಕ್ಕೆ 2,880, 36×48ರದ್ದಕ್ಕೆ 34,560. ದೊಡ್ಡದು ಹನ್ನೆರಡು ಪಟ್ಟು ದುಬಾರಿಯಾಯಿತು, ಶ್ರಮವೂ ಹನ್ನೆರಡು ಪಟ್ಟು ಆಗಿರುತ್ತದೆಯೇ? ಎತ್ತರ ಮತ್ತು ಅಗಲ ಕೂಡಿಸಿ ಆ ಮೊತ್ತಕ್ಕೆ ದರ ಹಾಕಿದರೆ 24ಕ್ಕೆ 84, ಮೂರೂವರೆ ಪಟ್ಟಿಗೆ ನಿಲ್ಲುತ್ತದೆ. ಚಿಕ್ಕ ಚಿತ್ರ ತೀರಾ ಅಗ್ಗವಾಗುವುದೂ ತಪ್ಪುತ್ತದೆ.

ಬಾಡಿಗೆ ಹಾಲ್‌ನಲ್ಲಿ ಬಾಡಿಗೆ ಕಟ್ಟಿದರೆ ಮುಗಿಯಿತು. ಖಾಸಗಿ ಗ್ಯಾಲರಿಗಳು ಕಮಿಷನ್ ಹಿಡಿಯುತ್ತವೆ, 30ರಿಂದ 50 ಪ್ರತಿಶತ ಸಾಮಾನ್ಯ. 50,000ದ ಚಿತ್ರ 40 ಪ್ರತಿಶತಕ್ಕೆ ಹೋದರೆ ಕೈಗೆ 30,000; ಫ್ರೇಮ್, ಸಾಗಣೆ, ವಿಮೆ ಯಾರ ಖರ್ಚು ಎಂಬುದು ಆ 30,000ವನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ದುಡ್ಡು ಎಷ್ಟು ದಿನದೊಳಗೆ ಬರಬೇಕು, ಮಾರಾಟವಾಗದ್ದು ಯಾವಾಗ ವಾಪಸ್ಸು ಎಂಬುದೂ ಪತ್ರದಲ್ಲಿರಲಿ. ಗ್ಯಾಲರಿಯಲ್ಲಿ ಒಂದು ದರ, ಸ್ಟುಡಿಯೊಗೆ ಬಂದವರಿಗೆ ಕಡಿಮೆ ದರ ಎಂದರೆ ಸುದ್ದಿ ಬೇಗ ಹಬ್ಬುತ್ತದೆ. ಮುಂದಿನ ಸಲ ಆ ಗ್ಯಾಲರಿ ಕರೆಯುವುದಿಲ್ಲ.

ಚಿತ್ರ ಮಾರಿದರೂ ಹಕ್ಕುಸ್ವಾಮ್ಯ ಮಾರಿದಂತಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಕಲಾವಿದರದ್ದೇ. ಆದರೆ ಯಾರಾದರೂ ಹಣ ಕೊಟ್ಟು ಭಾವಚಿತ್ರ ಬರೆಸಿಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಬರೆಸಿಕೊಂಡವರಿಗೆ ಹೋಗುತ್ತದೆ. ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕು 57ನೇ ಸೆಕ್ಷನ್ನಿನಲ್ಲಿದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ ಭಿತ್ತಿಶಿಲ್ಪಕ್ಕಾಗಿ ಅಮರನಾಥ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಸೆಕ್ಷನ್ನಿನ ಬಲದಿಂದ.

ಕಟ್ಟುವುದು, ಸಾಗಿಸುವುದು

ಹೆಚ್ಚು ಚಿತ್ರಗಳು ಕೆಡುವುದು ಇಲ್ಲೇ. ಅಕ್ರಿಲಿಕ್ ಬಿಸಿಗೆ ಮೆದುವಾಗುವ ಪ್ಲಾಸ್ಟಿಕ್. ಬಬಲ್ ರ‍್ಯಾಪ್ ನೇರವಾಗಿ ಸುತ್ತಿ ಬಿಸಿಲಲ್ಲಿ ಗೂಡ್ಸ್ ಆಟೊದಲ್ಲಿ ಎರಡು ಗಂಟೆ ಕಳುಹಿಸಿ, ಬಿಚ್ಚಿದಾಗ ಚಿತ್ರದ ಇಡೀ ಆಕಾಶದ ತುಂಬ ದುಂಡು ದುಂಡು ಅಚ್ಚು ಬಿದ್ದಿರಬಹುದು. ಉಜ್ಜಿದರೆ ಹೋಗುವುದಲ್ಲ. ಎರಡು ಚಿತ್ರಗಳ ಬಣ್ಣದ ಮುಖ ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುತ್ತವೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗುವವರಿಗೆ ಇದು ಇನ್ನೂ ಮುಖ್ಯ, ದಿನವಿಡೀ ಬಿಸಿಲಲ್ಲಿ ನಿಂತ ಚಿತ್ರಗಳನ್ನು ಸಂಜೆ ಒಂದರ ಮೇಲೊಂದು ಒಟ್ಟುವುದುಂಟು.

ಮೊದಲು ಬೇಕರಿಯವರು ಬಳಸುವ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಹೊದಿಸಿ. ಮೂಲೆಗಳಿಗೆ ದಪ್ಪ ಥರ್ಮಾಕೋಲ್ ಇಲ್ಲವೇ ರಟ್ಟಿನ ಕಟ್ಟು ಕೊಟ್ಟು, ಅದರ ಮೇಲೆ ರಟ್ಟಿನ ಹಾಳೆ ಬಿಗಿಯಿರಿ. ಹಾಳೆ ಚಿತ್ರದ ಮೇಲ್ಮೈಯನ್ನು ಮುಟ್ಟಬಾರದು. ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್ ಕೊನೆಗೆ. ಗಾಡಿಯಲ್ಲಿ ಮಲಗಿಸದೆ ನಿಲ್ಲಿಸಿಯೇ ಒಯ್ಯಬೇಕು. ದೊಡ್ಡ ಕ್ಯಾನ್ವಾಸ್ ಸುತ್ತಲೇಬೇಕಾದರೆ ಕನಿಷ್ಠ ಆರು ಇಂಚು ವ್ಯಾಸದ ಪೈಪಿಗೆ, ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ. ಒಳಗೆ ಮಾಡಿದರೆ ಬಣ್ಣದ ಪದರ ಇರುಕಿ ಮುದುಡುತ್ತದೆ.

ನೇತುಹಾಕುವ ಲೆಕ್ಕ

ನೇತುಹಾಕುವ ತಂತಿ ಕಟ್ಟಲು ಚೌಕಟ್ಟಿನ ಹಿಂದೆ ಹಾಕುವ ಡಿ-ರಿಂಗ್‌ಗಳನ್ನು ಮೇಲಿನಿಂದ ಚಿತ್ರದ ಎತ್ತರದ ನಾಲ್ಕನೇ ಒಂದು ಭಾಗದಷ್ಟು ಕೆಳಗೆ ಕೂರಿಸಿ. ಮುಕ್ಕಾಲು ಇಂಚಿನ ಮರಕ್ಕೆ ಒಂದಿಂಚಿನ ಸ್ಕ್ರೂ ಹಾಕಿದರೆ ತುದಿ ಕ್ಯಾನ್ವಾಸನ್ನು ಮುಟ್ಟುತ್ತದೆ. ಅರ್ಧ ಇಂಚಿನದೇ ಸಾಕು.

ಚಿತ್ರದ ನಡುಭಾಗ ನೆಲದಿಂದ 58 ಇಂಚು, ಇದು ನಿಂತವರ ಕಣ್ಣೆತ್ತರದ ಅಂದಾಜು. ಚಿತ್ರದ ಎತ್ತರ 36 ಇಂಚು, ಅರ್ಧ 18. ತಂತಿಯನ್ನು ಎರಡು ಬೆರಳಲ್ಲಿ ಮೇಲೆಳೆದಾಗ ಅದು ಮೇಲಂಚಿಗಿಂತ 3 ಇಂಚು ಕೆಳಗಿದೆ. 58ಕ್ಕೆ 18 ಕೂಡಿಸಿ 3 ಕಳೆದರೆ 73. ಹುಕ್ಕು ಹೋಗಬೇಕಾದ ಜಾಗ ಅದು. ಒಂದರ ಬದಲು ಅದೇ ಎತ್ತರದಲ್ಲಿ ಎರಡು ಹುಕ್ಕು ಹಾಕಿದರೆ ಚಿತ್ರ ಓರೆಯಾಗುವುದಿಲ್ಲ, ಆದರೆ ತಂತಿಯನ್ನು ಅವೆರಡರ ಅಂತರದಲ್ಲೇ ಎಳೆದು ಅಳೆಯಬೇಕು. ಬೇರೆ ಬೇರೆ ಎತ್ತರದ ಚಿತ್ರಗಳ ಮೇಲಂಚು ಸಾಲಾಗಿಸಲು ಹೋಗಬೇಡಿ, ನಡುಗೆರೆಯೇ ಸಾಲು. ಗ್ಯಾಲರಿಯಲ್ಲಿ ಡ್ರಿಲ್ ಮಾಡಲು ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿ. ಹಲವೆಡೆ ಮೇಲಿನ ಕಂಬಿಯಿಂದ ತಂತಿ ಇಳಿಬಿಡುತ್ತಾರೆ.

20 ಅಡಿಯ ಗೋಡೆ, 30 ಇಂಚು ಅಗಲದ ಐದು ಚಿತ್ರ. 240ರಲ್ಲಿ 150 ಕಳೆದು ಉಳಿದ 90ನ್ನು ಆರು ಸಂದಿಗೆ ಹಂಚಿದರೆ ಒಂದೊಂದು 15 ಇಂಚು. ಲೆಕ್ಕಕ್ಕೆ ಸರಿ, ಕಣ್ಣಿಗೆ ಒತ್ತೊತ್ತು. ನಾಲ್ಕಾದರೆ 24 ಇಂಚು. ಒಂದನ್ನು ಬಿಡುವುದು ಕಷ್ಟ, ಬಿಟ್ಟರೆ ಉಳಿದವು ಕಾಣುತ್ತವೆ.

ದೀಪ ಚಿತ್ರದ ಮೇಲೆ ಲಂಬಕ್ಕೆ 30 ಡಿಗ್ರಿಯಲ್ಲಿ ಬೀಳಲಿ. ದೀಪ ಗೋಡೆಗೆ ತೀರಾ ಹತ್ತಿರವಾದರೆ ದಪ್ಪ ಬಣ್ಣದ ನೆರಳು ಉದ್ದವಾಗುತ್ತದೆ, ದೂರವಾದರೆ ನೋಡುವವರ ನೆರಳೇ ಚಿತ್ರದ ಮೇಲೆ. ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಸಾಕು, ಜಲವರ್ಣ ಬೆಳಕಿಗೆ ಮಾಸುತ್ತದೆ.

ಮಾರಾಟವಾದ ಚಿತ್ರಕ್ಕೆ ಕೆಂಪು ಚುಕ್ಕೆ ಅಂಟಿಸಿ, ಪ್ರದರ್ಶನ ಮುಗಿಯುವವರೆಗೆ ಇಳಿಸಬೇಡಿ. ಬಂದ ರಟ್ಟು, ಬೇಕಿಂಗ್ ಪೇಪರನ್ನು ಚಿತ್ರದ ನಂಬರ್ ಬರೆದು ಎತ್ತಿಟ್ಟಿದ್ದರೆ ಕೊನೆಯ ಸಂಜೆ ಅವೇ ಸಾಕು. ಗೋಡೆಯ ತೂತುಗಳಿಗೆ ಪುಟ್ಟಿ ಮೆತ್ತಿ, ಒಪ್ಪಿಸಿದ ಗೋಡೆಯ ಫೋಟೊ ತೆಗೆದಿಟ್ಟುಕೊಂಡೇ ಡಿಪಾಸಿಟ್ ಕೇಳಿ.