ಆರಕ್ಕೆ ಮುಂಚಿನ ಮೈಕು: ಗುಡಿಗೆ ಎರಡು ಲೈನ್ ಎಳೆದ ನನ್ನ ಅನುಭವ

ನಮ್ಮೂರ ಆಂಜನೇಯನ ಗುಡಿಗೆ ಒಳಗೊಂದು, ಹೊರಗೊಂದು ಸ್ಪೀಕರ್ ಲೈನ್ ಎಳೆದು, ಹೋದ ಧನುರ್ಮಾಸ ಪೂರ್ತಿ ಪೊಲೀಸರಿಗೆ ಒಂದೂ ದೂರು ಹೋಗದ ಹಾಗೆ ಮೈಕ್ ನಡೆಸಿದೆ. "ಗುಡಿ ಮೈಕಿಗೆ ಕೈ ಹಾಕ್ಬೇಡ, ಬಾಡಿಗೆ ಬರಲ್ಲ, ಬೈಗುಳ ಗ್ಯಾರಂಟಿ" ಅಂದಿದ್ದ ತಿಪಟೂರು ಕಡೆಯ ಸೌಂಡ್‌ ಸೆಟ್ ಗೆಳೆಯರೇ ಈಗ ಫೋನ್ ಮಾಡಿ ವೈರಿಂಗ್ ಕೇಳ್ತಿದ್ದಾರೆ.

ಮುಂಜಾನೆ ಮೈಕಿನ ಜಗಳ ನಿಮಗೆಲ್ಲ ಗೊತ್ತಿರೋದೇ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಧನುರ್ಮಾಸದ ಪೂಜೆಯೋ ಅರುಣೋದಯದೊಳಗೇ ಮುಗೀಬೇಕು. ಆರು ಹೊಡೆಯೋ ಹೊತ್ತಿಗೆ ನಮ್ಮಲ್ಲಿ ಹುಗ್ಗಿ ತಪ್ಪಲೆ ತಳ ಕಂಡಿರುತ್ತೆ. 2022ರ ಮೇ 10ರ ಸರ್ಕಾರಿ ಆದೇಶ ಬಂದ ಮೇಲೆ ಗುಡಿ ಸಮಿತಿಯವರು 450 ರೂಪಾಯಿ ಕಟ್ಟಿ ಎರಡು ವರ್ಷದ ಮೈಕ್ ಪರವಾನಗಿ ತಂದ್ರು. ಕಾಗದ ಕೈಗೆ ಬಂದಿದ್ದೇ ತಡ, ಇಪ್ಪತ್ನಾಲ್ಕು ಗಂಟೆಗೂ ಅಪ್ಪಣೆ ಸಿಕ್ತು ಅನ್ನೋ ಹಾಗೆ ನಾಲ್ಕೂವರೆಗೇ ಸುಪ್ರಭಾತ. ಗುಡಿ ಹಿಂದಿನ ಮನೇಲಿ ಎಸ್ಸೆಸ್ಸೆಲ್ಸಿ ಹುಡುಗಿ, ಹೃದಯದ ಆಪರೇಷನ್ ಆದ ಅಜ್ಜ. ಅವರು 112ಕ್ಕೆ ಫೋನ್ ಮಾಡಿದ್ರು. ಆಮೇಲೆ ಪಂಚಾಯ್ತಿ ಕಟ್ಟೆ ಮೇಲೆ ನಡೆದದ್ದನ್ನ ಬರೆಯೋದು ಬೇಡ.

ಮೊದಲು ಹೊರಗಿನ ಹಾರ್ನ್, ಅಂದ್ರೆ ಕಹಳೆ ಆಕಾರದ ಸ್ಪೀಕರಿನ ಬಾಯಿಗೆ ಒದ್ದೆ ಗೋಣಿಚೀಲ ತುರುಕಿದೆ. ಅರ್ಚಕರ ಮಂತ್ರ ಬಾವಿಯೊಳಗಿಂದ ಬಂದ ಹಾಗಾಯ್ತು, ವಾರದೊಳಗೆ ಹಾರ್ನಿಗೆ ದನಿ ಕೊಡೋ ಯೂನಿಟ್ಟೂ ಸುಟ್ಟಿತು. ಸಾವಿರ ಚಿಲ್ಲರೆ ಹೋಯ್ತು. ಆಮೇಲೆ ಹಾರ್ನನ್ನ ಕೆರೆ ಕಡೆಗೆ ತಿರುಗಿಸಿದೆ. ಚಳಿಗಾಲದ ಮುಂಜಾನೆ ನೀರಿನ ಮೇಲೆ ತಣ್ಣನೆ ಗಾಳಿ ಕೂತಿರುತ್ತಲ್ಲ, ದನಿ ಮೇಲಕ್ಕೆ ಹೋಗದೆ ನೇರ ಆಚೆ ದಡದ ಹಟ್ಟಿಗೆ ಹೋಗಿ ಬಿತ್ತು. ಒಂದೂರಿನ ಜಗಳ ಎರಡೂರಿಗೆ ಆಯ್ತು. ಮೊಬೈಲ್ ಆ್ಯಪ್ ನಂಬಿ ಅಳೆಯೋಕೂ ಹೋಗ್ಬೇಡಿ. ಒಂದೇ ಜಾಗದಲ್ಲಿ ನನ್ನ ಫೋನು, ಮಗನ ಫೋನು ಎಂಟು-ಹತ್ತು ಡೆಸಿಬೆಲ್ ಬೇರೆ ಬೇರೆ ಹೇಳಿದವು. ಮೂರು ಸಾವಿರದ ಆಸುಪಾಸು ಕೊಟ್ಟು ಸದ್ದು ಅಳೆಯೋ ಮೀಟರನ್ನೇ ತಗೊಂಡೆ.

ಮೀಟರ್ ಬಂದ ಮೇಲೇ ಗೊತ್ತಾಗಿದ್ದು: ಜನವಸತಿಗೆ ರಾತ್ರಿ ಮಿತಿ 45 ಡೆಸಿಬೆಲ್. ಮೈಕ್ ಇಲ್ಲದೆ ಬರೀ ಜೀರುಂಡೆ, ನಾಯಿ ಸದ್ದಿಗೇ ನಮ್ಮಲ್ಲಿ 41-42 ಇದೆ. ಹಾರ್ನ್ ಹಾಕಿದ್ರೆ ಹಿಂದಿನ ಮನೆ ಗೋಡೆ ಹತ್ತಿರ ಎಪ್ಪತ್ತೆಂಟರ ಮೇಲೆ. ಹೊರಗಿನ ಹಾರ್ನಿನ ವಾಲ್ಯೂಮ್ ಎಷ್ಟೇ ಇಳಿಸಿದ್ರೂ ಇದು ಸರಿಹೋಗೋ ಲೆಕ್ಕ ಅಲ್ಲ. ಆದ್ರೆ ಮುಚ್ಚಿದ ಜಾಗದೊಳಗೆ, ಒಳಗಿನವರಿಗೆ ಮಾತ್ರ ಕೇಳೋ ಹಾಗೆ ಹಾಕೋಕೆ ಅದೇ ನಿಯಮ ಬಿಡುತ್ತೆ. ನಾಲ್ಕು ಹಳೇ ಕಾಲಮ್ (ಉದ್ದನೆ ಪೆಟ್ಟಿಗೆಯ ಸ್ಪೀಕರ್) ತಂದು ಗರ್ಭಗುಡಿ ಮುಂದಿನ ನವರಂಗದ ಕಂಬಗಳಿಗೆ ಕಟ್ಟಿ, 100 ವೋಲ್ಟ್ ಲೈನಲ್ಲಿ ಒಂದೊಂದಕ್ಕೂ ತೀರಾ ಕಡಿಮೆ ಪವರ್ ಹೋಗೋ ಹಾಗೆ ಟ್ಯಾಪಿಂಗ್ ಕೊಟ್ಟೆ. ಕೂತವರ ಕಿವಿಗೆ ಹತ್ತಿರ ಇದ್ರೆ ಜೋರು ಬೇಕಾಗಲ್ಲ. ಹೊರಗಿನ ಹಾರ್ನ್ ಬೇರೆ ಲೈನು, ಟೈಮರ್ ಆರಕ್ಕೇ ಬಿಡೋದು. ಬಾಗಿಲು ಹಾಕಿ ಹಿಂದಿನ ಗೋಡೆ ಹತ್ತಿರ ಅಳೆದಾಗ 43-44. ಕಾಲಮನ್ನ ಯಾವ ಕೋನಕ್ಕೆ ಕಟ್ಟಿದೆ, ಆಂಪ್ಲಿ (ಆಂಪ್ಲಿಫೈಯರ್) ಹಿಂದೆ ಏನು ಸೇರಿಸಿದೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳಲ್ಲ.

ಟೈಮರ್ ಪೆಟ್ಟಿಗೆ ಕೀಲಿ ಯಾರ ಹತ್ತಿರ? ಸಮಿತಿಗೆ ಕೊಟ್ರೆ ಮೂರೇ ದಿನ. ನಮ್ಮೂರ ನೀರುಗಂಟಿಗೆ ಕೊಟ್ಟೆ. ನೀರು ಬಿಡೋ ವಿಷಯಕ್ಕೆ ಎರಡೂ ಪಾರ್ಟಿಯವರು ಅವನನ್ನ ದಿನಾ ಬೈಯ್ತಾರೆ, ಇನ್ನೊಂದು ಬೈಗುಳ ಅವನಿಗೆ ಭಾರ ಅಲ್ಲ.

ಎಲ್ಲಾ ಸೇರಿ ಹದಿನಾರು-ಹದಿನೇಳು ಸಾವಿರ ಬಿತ್ತು. ಸಮಿತಿ ಕೊಟ್ಟಿದ್ದು ಆರು. "ಉಳಿದದ್ದು ಜಾತ್ರೆ ಕಾಂಟ್ರಾಕ್ಟಲ್ಲಿ ನೋಡ್ಕೊಳ್ಳೋಣ ಕಣಪ್ಪ" ಅಂದ್ರು ಅಧ್ಯಕ್ಷರು. ಇನ್ನೂ ನೋಡ್ತಾನೇ ಇದ್ದೀನಿ.

ನಿಜವಾದ ವಿರೋಧ ಬಂದದ್ದು ಹೆಂಗಸರಿಂದ. ಡೇರಿಗೆ ಹಾಲು ಹಾಕೋರಿಗೆ ಗುಡಿ ಮೈಕೇ ಅಲಾರಂ. "ಅಣ್ಣಾ, ನೀನು ಮೈಕ್ ನಿಲ್ಸಿ ಹಸು ಕರೆಯೋದು ತಡ ಮಾಡಿಸ್ದೆ" ಅಂತ ಒಬ್ಬಾಕೆ ರಸ್ತೇಲೇ ತರಾಟೆಗೆ ತಗೊಂಡ್ಲು. ಅರ್ಚಕರ ದನಿ, ಗಂಟೆ ಸದ್ದು ರೆಕಾರ್ಡ್ ಮಾಡಿ ಅವರವರ ಮೊಬೈಲಿಗೇ ಅಲಾರಂ ಹಾಕಿಕೊಟ್ಟೆ. ಕೀಪ್ಯಾಡ್ ಫೋನಿನವರಿಗೂ ಮೆಮೊರಿ ಕಾರ್ಡಲ್ಲಿ ಆಗುತ್ತೆ. ಖರ್ಚು ಸೊನ್ನೆ. ಊರಲ್ಲಿ ನನಗೆ ಹೆಸರು ಬಂದಿದ್ದು ಇದರಿಂದಲೇ!

ಇದನ್ನ ನೋಡಿ ಮಸೀದಿ ನೋಡಿಕೊಳ್ಳೋ ಮುತವಲ್ಲಿ ಸಾಹೇಬ್ರು ಕರೆಸಿದ್ರು. ಅಲ್ಲಿ ಲೆಕ್ಕ ಬೇರೆ: ಫಜರ್, ಅಂದ್ರೆ ಮುಂಜಾನೆ ನಮಾಜಿನ ಹೊತ್ತು ಬೇಸಿಗೇಲಿ ನಾಲ್ಕೂವರೆ ದಾಟಿ, ಜನವರೀಲಿ ಐದೂವರೆ ಹತ್ತಿರ, ವರ್ಷದಲ್ಲಿ ಯಾವತ್ತೂ ಆರರ ಆಚೆ ಹೋಗಲ್ಲ. ಹಾಗಾಗಿ ಆ ಅಜಾನ್ ಒಳಲೈನಿಗೇ, ಉಳಿದ ನಾಲ್ಕು ಹೊರಗೂ. ಟೈಮರ್ ಅದೇ. ದುಡ್ಡು ಮಾತ್ರ ಅವರು ಅದೇ ದಿನ ಎಣಿಸಿಕೊಟ್ರು.

ಬಗೆಹರಿಯದೇ ಇರೋದು ಜಾತ್ರೆ ನಾಟಕ. ಹಬ್ಬಗಳಿಗೆ ವರ್ಷಕ್ಕೆ 15 ದಿನದ ಮಿತಿಯಲ್ಲಿ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೇ. ರಾತ್ರಿಯಿಡೀ ಯಕ್ಷಗಾನ ಆಡ್ತಿದ್ದ ಕಟೀಲು ಮೇಳದಂಥ ಮೇಳವೇ 2022ರಲ್ಲಿ ಕಾಲಮಿತಿಗೆ, ಅಂದ್ರೆ ಹೊತ್ತಿಗೆ ಸರಿಯಾಗಿ ಮುಗಿಸೋ ಆಟಕ್ಕೆ, ಬಂದಿತ್ತು. ನಮ್ಮಲ್ಲಿ ಪೌರಾಣಿಕ ನಾಟಕದ ಪರದೆ ಏಳೋದೇ ಹತ್ತೂವರೆಗೆ, ಬಯಲಲ್ಲಿ ಒಳಲೈನ್ ಅನ್ನೋದೇ ಇಲ್ಲ. ಸಂಜೆ ಆರಕ್ಕೇ ಶುರು ಮಾಡಿ ಅಂದ್ರೆ ಹಾರ್ಮೋನಿಯಂ ಮೇಷ್ಟ್ರು ಕೇಳಲ್ಲ, ಒಂದು ಕಂದಪದ್ಯ ಕಮ್ಮಿ ಮಾಡೋಕೂ ಒಪ್ಪಲ್ಲ. ಯಾರಾದ್ರೂ ಒಪ್ಪಿಸಿದ್ರೆ ಹೇಳಿ, ನನ್ನ ಆಂಪ್ಲಿ ಗುಟ್ಟನ್ನ ಬದಲಿಗೆ ಕೊಡ್ತೀನಿ.