ಅಮೆರಿಕದಲ್ಲಿ ಬಾಡಿಗೆಗೆ ಕೊಡಲು ಹಳೆ ಮನೆ ಕೊಳ್ಳುವ ಮುನ್ನ: ರಿಪೇರಿ ಲೆಕ್ಕ ಹಾಕುವುದು ಹೇಗೆ?

ಹಳೆ ಮನೆ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಅಡುಗೆಮನೆಯ ಮೇಲೆ. ಮಾಸಿದ ಕ್ಯಾಬಿನೆಟ್, ಕಲೆಬಿದ್ದ ಕಾರ್ಪೆಟ್, ಮಂಕಾದ ಬಣ್ಣ ಎಲ್ಲರಿಗೂ ಕಾಣುವ ಖರ್ಚು. ಬೆಲೆ ಇಳಿಸಲು ಅವೇ ನೆರವಾಗುತ್ತವೆ. ಕೈ ಕಚ್ಚುವುದು ತಳಪಾಯ, ಚಾವಣಿ ಮತ್ತು ನೆಲದಡಿಯ ಸೀವರ್ (ಕೊಳಚೆ ನೀರಿನ) ಪೈಪು. ಒಪ್ಪಂದದಲ್ಲಿ ಬರೆದಿರುವ ಇನ್‌ಸ್ಪೆಕ್ಷನ್ ಗಡುವಿನೊಳಗೆ ಈ ಮೂರನ್ನೂ ನೋಡಿ ಮುಗಿಸಿ. ಟೆಕ್ಸಾಸ್‌ನಲ್ಲಿ ಇದನ್ನು ಆಪ್ಷನ್ ಪೀರಿಯಡ್ ಅನ್ನುತ್ತಾರೆ. ಗಡುವು ದಾಟಿದ ಮೇಲೆ ಹಿಂದೆ ಸರಿದರೆ ಮುಂಗಡ ಹಣ ಕೈತಪ್ಪಬಹುದು.

ಮೊದಲು ಮನೆಯ ಹೊರಗೆ ಒಂದು ಸುತ್ತು ಬನ್ನಿ, ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ಗೋಡೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ ನೆಲ 6 ಇಂಚು ತಗ್ಗಬೇಕು. ಚಾವಣಿಯ ಮಳೆನೀರು ಇಳಿಸುವ ಪೈಪು, ಅಂದರೆ ಡೌನ್‌ಸ್ಪೌಟ್, ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದ್ದರೆ ಬೇಸ್‌ಮೆಂಟಿನ ತೇವಕ್ಕೆ ಅದೇ ಕಾರಣವಿರಬಹುದು, ಪೈಪು ಉದ್ದ ಮಾಡಿದರೆ ಎಷ್ಟೋ ಸಲ ಸಾಕು. ಬಿರುಕು ಕಂಡರೆ ಅದರ ದಿಕ್ಕು ನೋಡಿ. ಕಾಂಕ್ರೀಟ್ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಮೇಲಿನಿಂದ ಕೆಳಗೆ ಬಿಟ್ಟಿದ್ದರೆ ಸಾಮಾನ್ಯವಾಗಿ ಕಾಂಕ್ರೀಟ್ ಒಣಗುವಾಗ ಕುಗ್ಗಿದ್ದರ ಗುರುತು. ಬ್ಲಾಕ್ ಗೋಡೆಯ ನಡುಮಟ್ಟದಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟು ಗೋಡೆ ಒಳಕ್ಕೆ ಉಬ್ಬಿದ್ದರೆ, ಹೊರಗಿನ ಒದ್ದೆ ಮಣ್ಣು ಅದನ್ನು ತಳ್ಳುತ್ತಿದೆ. ಇಲ್ಲಿ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ರಿಪೇರಿ ಮಾಡುವ ಕಂಪನಿಯ ಉಚಿತ ಸಲಹೆ ನಂಬಿ ಮುಂದುವರಿಯಬೇಡಿ. ಬೇಸ್‌ಮೆಂಟಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಗೋಡೆ ಬುಡದಲ್ಲಿ ಬಿಳಿ ಉಪ್ಪಿನ ಪುಡಿಯನ್ನೂ ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ) ತಳದಲ್ಲಿ ತುಕ್ಕನ್ನೂ ಹುಡುಕಿ, ಅವು ತೇವದ ಗುರುತು.

ಸಾಮಾನ್ಯ ಹೋಮ್ ಇನ್‌ಸ್ಪೆಕ್ಟರ್ ಸೀವರ್ ಪೈಪಿನ ಒಳಗೆ ನೋಡುವುದಿಲ್ಲ. ಸೀವರ್ ಸ್ಕೋಪ್ ಬೇಕೆಂದು ಬೇರೆಯಾಗಿಯೇ ಹೇಳಿ ಕ್ಯಾಮೆರಾ ಬಿಡಿಸಿ. ಹಳೆ ಜೇಡಿಮಣ್ಣಿನ ಪೈಪುಗಳ ಕೀಲುಗಳಲ್ಲಿ ಮರದ ಬೇರು ನುಗ್ಗುತ್ತದೆ. ತಿಂಗಳುಗಟ್ಟಲೆ ಖಾಲಿ ಬಿದ್ದ ಮನೆಯಲ್ಲಿ ನೀರು ಹರಿಯದೆ ಈ ತಡೆ ಗೊತ್ತಾಗುವುದೇ ಇಲ್ಲ. ಮನೆಯಿಂದ ರಸ್ತೆಯ ಮುಖ್ಯ ಪೈಪಿನವರೆಗಿನ ಹೊಣೆ ಎಷ್ಟೋ ಊರುಗಳಲ್ಲಿ ಮಾಲೀಕರದ್ದೇ, ಹಾಗಾಗಿ ವಿಡಿಯೋ ಕೇಳಿ ಪಡೆಯಿರಿ.

ಕಟ್ಟಿದ ವರ್ಷವೂ ಬಹಳ ಹೇಳುತ್ತದೆ. 1965ರಿಂದ 1973ರ ನಡುವಿನ ಮನೆಯಾದರೆ ಅಲ್ಯೂಮಿನಿಯಂ ವೈರಿಂಗ್ ಇದೆಯೇ ನೋಡಿಸಿ. ಅದರ ಜೋಡಣೆಗಳು ಸಡಿಲಾಗಿ ಬಿಸಿಯೇರುತ್ತವೆ. 1978ರಿಂದ 1995ರ ನಡುವಿನದಾದರೆ ಬೂದು ಬಣ್ಣದ ಪಾಲಿಬ್ಯುಟಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ನೀರಿನ ಪೈಪು ಇರಬಹುದು. ಎರಡಕ್ಕೂ ವಿಮೆ ಕಂಪನಿಗಳು ಹಿಂದೇಟು ಹಾಕುವುದುಂಟು, ಮೊದಲೇ ಕೇಳಿ. 1978ಕ್ಕೆ ಮುಂಚಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ 6 ಚದರ ಅಡಿಗಿಂತ ಹೆಚ್ಚು ಹಳೆ ಬಣ್ಣ ಕೆರೆಯುವ ಕೆಲಸಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಪ್ರಮಾಣಪತ್ರ ಇರುವವರೇ ಬೇಕು. ಮಾಲೀಕರು ಸ್ವಂತ ಕೈಯಿಂದ ಮಾಡಿದರೂ ನಿಯಮ ತಪ್ಪದು.

ಚಾವಣಿಯ ದರವನ್ನು ಸ್ಕ್ವೇರ್ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ 100 ಚದರ ಅಡಿ. ಇಳಿಜಾರಿನಿಂದಾಗಿ ಚಾವಣಿಯ ಅಳತೆ ಅದರ ಕೆಳಗಿನ ನೆಲಕ್ಕಿಂತ ಹೆಚ್ಚು. ಈಗಾಗಲೇ ಎರಡು ಪದರ ಶಿಂಗಲ್ (ಚಾವಣಿಗೆ ಹೊದಿಸುವ ತುಂಡುಗಳು) ಇದ್ದರೆ ಮೂರನೆಯದು ಹಾಕುವಂತಿಲ್ಲ, ಕಿತ್ತೆಸೆಯುವ ಖರ್ಚನ್ನೂ ಸೇರಿಸಿ.

ದರ ಕೇಳುವಾಗ “ಬಾತ್‌ರೂಮ್ ರಿಪೇರಿಗೆ ಎಷ್ಟು?” ಅನ್ನಬೇಡಿ. ಟಬ್ ಸುತ್ತ 60 ಚದರ ಅಡಿ ಟೈಲ್, ಅದರ ಹಿಂದೆ ಸಿಮೆಂಟ್ ಬೋರ್ಡ್, ಹೊಸ ವಾಲ್ವ್, ಕಸ ಸಾಗಣೆ, ಪರ್ಮಿಟ್ ಎಂದು ಒಂದೇ ಪಟ್ಟಿ ಬರೆದು ಮೂವರು ಕಾಂಟ್ರಾಕ್ಟರ್‌ಗಳಿಗೆ ಕೊಡಿ. ಆಗಲೇ ಮೂರು ದರಗಳನ್ನು ಹೋಲಿಸಲು ಸಾಧ್ಯ. ಗೋಡೆ ಬಿಚ್ಚಿದಾಗ ಕಾಣುವುದಕ್ಕೆಂದು ಶೇ. 10ರಿಂದ 20ರಷ್ಟು ಹೆಚ್ಚಿಗೆ ಇಡಿ. ಕೆಲಸ ಮುಗಿಯುವವರೆಗಿನ ಸಾಲದ ಕಂತು, ಆಸ್ತಿ ತೆರಿಗೆ, ವಿಮೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಹಿಂದಿನ ಮಾಲೀಕರು ಪರ್ಮಿಟ್ ಇಲ್ಲದೆ ಕಟ್ಟಿದ್ದೇನಾದರೂ ಇದೆಯೇ ಎಂದು ನಗರದ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿನಲ್ಲಿ ವಿಚಾರಿಸಿ.

ಇನ್ನು ತೆರಿಗೆ. ಮನೆ ಬಾಡಿಗೆಗೆ ಸಿದ್ಧವಾಗುವ ಮುನ್ನ ಮಾಡಿದ ರಿಪೇರಿಯನ್ನು ಸಾಮಾನ್ಯವಾಗಿ ಆ ವರ್ಷದ ಖರ್ಚೆಂದು ಕಳೆಯಲಾಗದು. ಅದು ಮನೆಯ ವೆಚ್ಚಕ್ಕೆ ಸೇರಿ 27.5 ವರ್ಷಗಳಲ್ಲಿ ಸವಕಳಿಯಾಗಿ, ಅಂದರೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ, ಸಿಗುತ್ತದೆ. ಆದ್ದರಿಂದ ಪ್ರತಿ ರಸೀದಿಯ ಮೇಲೂ ಕೆಲಸ ಮುಗಿದ ದಿನಾಂಕ ಇರಲಿ.